ನಿಲುಗಡೆ ಅರ್ಜಿ

ಹೊಳೆಮ್ಮನ ಅಕ್ಕಿ ನಿಂತದ್ದು ಒಂದು ಲಾರಿಯ ದೆಸೆಯಿಂದ.

ಗಾದಿಗನೂರಿನ ನ್ಯಾಯಬೆಲೆ ಅಂಗಡಿಯ ಮುಂದೆ ಎರಡು ತಾಸು ಪಾಳಿಯಲ್ಲಿ ನಿಂತಿದ್ದಳು. ಪಾಳಿ ಬಂತು. ಚೀಲ ಒಡ್ಡಿದಳು. ಅಂಗಡಿಯ ಚನ್ನಯ್ಯ ಪಟ್ಟಿಯ ಮೇಲೆ ಬೆರಳಾಡಿಸಿ ಚೀಲವನ್ನು ಪಕ್ಕಕ್ಕೆ ಸರಿಸಿದ.

"ನಿನ್ನ ಕಾರ್ಡು ರದ್ದಾಗೈತಿ ಬೇ."

"ಯಾಕ್ರಿ?"

"ನಿನಗ ಲಾರಿ ಐತಂತಲ್ಲ. ಲಾರಿ ಇದ್ದೋರಿಗೆ ಬಡವರ ಅಕ್ಕಿ ಕೊಡಂಗಿಲ್ಲ."

ಹಿಂದೆ ನಿಂತವರೆಲ್ಲ ಘೊಳ್ಳೆಂದು ನಕ್ಕರು. ಹೊಳೆಮ್ಮನೂ ನಕ್ಕಳು. ನಗದೆ ಏನು ಮಾಡುತ್ತಾಳೆ? ಕಾಲಲ್ಲಿ ಚಪ್ಪಲಿಯಿಲ್ಲದ ಹೆಂಗಸಿಗೆ ಲಾರಿ!

"ವಿಮಾನಾನೂ ಬರದಿಲ್ಲೇನ್ರಿ ನನ್ನ ಹೆಸರಿಲೆ? ಇನ್ನೊಮ್ಮೆ ನೋಡ್ರಿ" ಎಂದಳು.

ಚನ್ನಯ್ಯ ನಗಲಿಲ್ಲ. "ಚಾಷ್ಟಿ ಅಲ್ಲ ಬೇ. ತಾಲ್ಲೂಕು ಆಫೀಸಿನಿಂದ ಪಟ್ಟಿ ಬಂದೈತಿ. ಗಾಡಿ ನಂಬರು ಸೈತ ಬರದಾರ. ನಾಲ್ವತ್ತೇಳು ಹತ್ತೊಂಬತ್ತು."

ಹೊಳೆಮ್ಮನ ನಗು ಅಲ್ಲೇ ನಿಂತಿತು. ಕೆಲಸದ ಜಾಗದಲ್ಲಿ ದಿನವೂ ಕೂಗುವ ಆ ನಂಬರು ಕೇಳಿ ಕೇಳಿ ಆಕೆಗೆ ಗೊತ್ತು. ಗುತ್ತಿಗೆದಾರ ಪಂಪನಗೌಡನ ಹಳದಿ ಟಿಪ್ಪರು ಅದು. ಹಿಂದಿನ ದಿನವಷ್ಟೇ ಆಕೆ ಅದಕ್ಕೆ ಬುಟ್ಟಿ ಬುಟ್ಟಿ ಅದಿರು ಹೊತ್ತು ಹಾಕಿದ್ದಳು.

ಸಂಡೂರಿನ ಗುಡ್ಡಗಳು ಲಾರಿ ಹತ್ತಿ, ರೈಲು ಹತ್ತಿ, ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿದ್ದ ಕಾಲ ಅದು. ನಿನ್ನೆ ಸೈಕಲ್ಲಿನ ಮೇಲೆ ಹಾಲು ಮಾರಿದವನು ಇವತ್ತು ಕಾರಿನ ಗಾಜು ಇಳಿಸದೆ ಮಾತಾಡುತ್ತಿದ್ದ. ಗುಡ್ಡ ಒಡೆದವರ ಕೈಗೆ ಬಂದದ್ದು ಬೊಕ್ಕೆ ಮಾತ್ರ. ಹೊಳೆಮ್ಮನ ಕೆಲಸ ಪಂಪನಗೌಡನ ಯಾರ್ಡಿನಲ್ಲಿ. ಸುತ್ತಿಗೆಯಿಂದ ಅದಿರಿನ ಗಡ್ಡೆ ಒಡೆಯಬೇಕು. ಜರಡಿ ಹಿಡಿಯಬೇಕು. ಬುಟ್ಟಿ ತುಂಬಿ ಹೊರಬೇಕು. ಅದಿರು ಹೊಲದ ಮಣ್ಣಲ್ಲ, ಕಬ್ಬಿಣ. ಅರ್ಧ ಬುಟ್ಟಿಗೇ ಕುತ್ತಿಗೆ ಹೆಗಲೊಳಗೆ ಇಳಿಯುತ್ತದೆ. ಸಂಜೆ ಸೀನಿದರೆ ಕೆಂಪು. ಉಗುಳಿದರೆ ಕೆಂಪು. ತಟ್ಟಿದ ರೊಟ್ಟಿಯೂ ಕೆಂಪು. ಗಂಡ ಉಚ್ಚೆಂಗೆಪ್ಪ ಕೊನೆಕೊನೆಗೆ ಕೆಮ್ಮಿ ಉಗುಳಿದ್ದು ಧೂಳೋ ರಕ್ತವೋ ಆಕೆಗೆ ತಿಳಿಯಲೇ ಇಲ್ಲ.

ಮರುದಿನ ಯಾರ್ಡಿಗೆ ಹೋದವಳು ಸುತ್ತಿಗೆ ಮುಟ್ಟಲಿಲ್ಲ. ನೇರ ಟಿಪ್ಪರಿನ ಹತ್ತಿರ ಹೋದಳು. ಎಡಗಡೆಯ ಬಾಗಿಲ ಕೆಳಗೆ ಧೂಳು ಕೆನೆಗಟ್ಟಿತ್ತು. ಸೆರಗಿನಿಂದ ಒರೆಸಿದಳು. ಬಿಳಿ ಬಣ್ಣದ ಸಣ್ಣ ಅಕ್ಷರಗಳು ಎದ್ದವು. ಹೊಳೆಮ್ಮನಿಗೆ ಓದು ಬರುವುದಿಲ್ಲ. ಸಾಕ್ಷರತೆಯ ಕ್ಲಾಸಿಗೆ ಇಪ್ಪತ್ತು ದಿನ ಹೋಗಿ ತನ್ನ ಹೆಸರಿನ ಮೂರಕ್ಷರ ಕಲಿತಿದ್ದಳು. ಅಷ್ಟೇ. ಲೋಕದಲ್ಲಿ ಎಷ್ಟೆಲ್ಲ ಬರೆದಿದೆ. ಆಕೆಗೆ ಓದಲು ಬರುವುದು ಆ ಮೂರೇ. ಆ ಮೂರೇ ಅಲ್ಲಿದ್ದವು.

ಹೊ. ಳೆ. ಮ್ಮ.

"ತಾಯಪ್ಪಾ, ಇದೇನೋ?"

ಡ್ರೈವರ್ ತಾಯಪ್ಪ ಬೀಡಿ ಎಸೆದು ಅತ್ತಿತ್ತ ನೋಡಿದ. "ಮಾಲೀಕರ ಹೆಸರು ಬೇ. ಎಡಗಡೆ ಬರೀಬೇಕಂತ ರೂಲ್ಸ್ ಐತಿ."

"ಮಾಲೀಕರು ಗೌಡ್ರಲ್ಲೇನು?"

"ದುಡ್ಡು ಎಣಿಸೋ ಮಾಲೀಕರು ಅವರು. ಕಾಗದದ ಮಾಲೀಕಿ ನೀನು. ನಿಮ್ಮ ಜಾತಿಯೋರ ಹೆಸರಿಲೆ ತಗೊಂಡ್ರ ಅರ್ಧ ಸಾಲ ಸರ್ಕಾರನ ತುಂಬತೈತಿ. ಗೌಡ್ರವು ಏಳು ಗಾಡಿ. ಏಳೂ ನಿಮ್ಮ ಕೇರಿಯೋರ ಹೆಸರಿಲೇ ಅದಾವು. ನಾ ಹೇಳೀನಂತ ಅನಬ್ಯಾಡ ಮತ್ತ."

ಪಕ್ಕದಲ್ಲಿ ಜರಡಿ ಹಿಡಿದಿದ್ದ ಯಮನಮ್ಮ ಬಾಯಿ ತೆರೆದು ನಿಂತಳು. ಪಕ್ಕದ ಗುಡಿಸಲಿನವಳು, ಓರಗೆಯವಳು. "ಹಂಗಾರ ಇಷ್ಟು ದಿನ ನಿನ್ನ ಲಾರಿಗೇ ನೀನು ಕೂಲಿ ಮಾಡಾಕ್ಹತ್ತಿದ್ದಿಯೇನ ಬೇ!"

ಹೊಳೆಮ್ಮ ಆ ಅಕ್ಷರಗಳ ಮೇಲೆ ಬೆರಳಿಟ್ಟಳು. ಆಕೆಗೆ ಬೇರೊಂದು ದಿನ ನೆನಪಾಯಿತು. ಮೂರು ವರ್ಷದ ಹಿಂದಿನದು. ಉಚ್ಚೆಂಗೆಪ್ಪ ಸತ್ತು ತಿಂಗಳಾಗಿರಲಿಲ್ಲ. ಪಂಪನಗೌಡನೇ ಕರೆಸಿ, ವಿಧವಾ ವೇತನ ಮಾಡಿಸುತ್ತೇನೆ ಎಂದಿದ್ದ. ಹೊಸಪೇಟೆಯ ಸ್ಟುಡಿಯೋದಲ್ಲಿ ಫೋಟೊ ತೆಗೆಸಿದ. ಕಾಗದದ ಕಟ್ಟು ಮುಂದಿಟ್ಟು ಹೆಬ್ಬೆಟ್ಟು ಒತ್ತು ಎಂದ. ಈಕೆ ತಲೆಯೆತ್ತಿ, "ಸಹಿ ಮಾಡ್ತೀನ್ರಿ" ಎಂದಿದ್ದಳು. ನಾಲಿಗೆ ಹೊರಚಾಚಿ, ಒಂದೊಂದೇ ಅಕ್ಷರ ಕೊರೆದು, ಹನ್ನೊಂದು ಕಡೆ ಬರೆದಿದ್ದಳು. ಗೌಡ ಚಪ್ಪಾಳೆ ತಟ್ಟಿದ್ದ. "ಕೇರಿಯೋರು ಶ್ಯಾಣ್ಯಾ ಆದ್ರಲೋ!" ಎಂದಿದ್ದ. ಆ ಚಪ್ಪಾಳೆಗೆ ಈಕೆ ಹಿಗ್ಗಿದ್ದಳು.

ಈಗ ಆಕೆಗೆ ತನ್ನ ಮೇಲೆಯೇ ಸಿಟ್ಟು ಬಂತು. ಮೋಸ ಹೋದದ್ದಕ್ಕಲ್ಲ. ಹಿಗ್ಗಿದ್ದಕ್ಕೆ.

ಗೌಡ ಯಾರ್ಡಿಗೆ ಬಂದಾಗ ಕೇಳಿದಳು. ಅವನು ಮೊಬೈಲು ಕಿವಿಯಿಂದ ಇಳಿಸಲೂ ಇಲ್ಲ.

"ಕಾಗದದಾಗ ಏನೇನೋ ಇರತೈತಿ. ನಿನಗ್ಯಾಕ ಅದೆಲ್ಲ? ಅಕ್ಕಿ ಬೇಕಂದ್ರ ನಮ್ಮನಿ ಹಿತ್ತಲಿಗೆ ಬಾ, ನುಚ್ಚು ಹಾಕಿಸ್ತೀನಿ."

ಹಿತ್ತಲು. ನುಚ್ಚು. ಹೊಳೆಮ್ಮ ಹೋಗಲಿಲ್ಲ. ಆ ತಿಂಗಳು ಒಪ್ಪತ್ತು ಉಂಡಳು.

ತಿಂಗಳ ಕೊನೆಯ ದಿನ ಗೌಡನ ಜೀಪು ಯಾರ್ಡಿನ ಬಾಗಿಲಲ್ಲಿ ನಿಂತು ಹಾರ್ನು ಹೊಡೆಯಿತು.

"ಲೇ ಹೊಳೆಮ್ಮಿ, ಜಲ್ದಿ ಬಾ. ಆರ್‌ಟಿಒ ಆಫೀಸಿಗೆ ಹೋಗಬೇಕು. ಮುಖ ತೊಳಕೊಂಡು ಬಾ, ದೆವ್ವ ಅಂದಾರು."

ಜೀಪಿನ ಹಿಂದೆ, ಸ್ಟೆಪ್ನಿ ಟಯರಿನ ಪಕ್ಕ ಕೂರಿಸಿದರು. ಹೊಸಪೇಟೆಯವರೆಗೆ ದಾರಿಯುದ್ದಕ್ಕೂ ಲಾರಿಗಳ ಸಾಲು. ಗಿಡಗಳೆಲ್ಲ ಕೆಂಪು. ಹೊಳೆಮ್ಮ ಒಂದೊಂದು ಲಾರಿಯ ಎಡಗಡೆಯನ್ನೂ ನೋಡುತ್ತ ಹೋದಳು. ಎಷ್ಟೊಂದು ಹೆಸರು. ಇವರೆಲ್ಲ ಯಾರು? ಇವರಿಗೂ ಅಕ್ಕಿ ನಿಂತಿದೆಯೇ?

ಆಫೀಸಿನ ಹೊರಗೆ ಬ್ರೋಕರ್ ಹೊನ್ನೂರುಸ್ವಾಮಿ ಬೆವರು ಒರೆಸುತ್ತ ನಿಂತಿದ್ದ.

"ಹೊಸ ಗುಮಾಸ್ತ ಭಾಳ ಕಿರಿಕಿರಿ ರೀ ಗೌಡ್ರ. ಮೂರು ವರ್ಷ ಈಕಿ ಸಹಿ ನಾನ ಹಾಕಿ ಟ್ಯಾಕ್ಸ್ ಕಟ್ಟೀನಿ. ಈ ಮನುಷ್ಯ ಹಳೆ ಫೈಲು ತಗದು ಜೋಡಿಸಿ ನೋಡ್ದ. 'ಇಲ್ಲಿ ಹೊಳೆಮ್ಮ, ಅಲ್ಲಿ ಹೊಳೆಯಮ್ಮ. ನಡುವ ಒಂದು ಯ ಎಲ್ಲಿಂದ ಬಂತು?' ಅಂದ. ಮಾಲೀಕರನ್ನ ಕರ್ಕೊಂಡು ಬಾ ಅಂತ ಕುಂತಾನ."

"ಒಂದು ಯ ಸಲುವಾಗಿ ನನ್ನ ದಿನ ಹಾಳು ಮಾಡಿದೆಲ್ಲಲೇ!"

"ಚೊಲೋ ಅಕ್ಷರದಾಗ ಬರೆದದ್ದೇ ತಪ್ಪಾತ್ರಿ. ಈಕಿಂದು ಕಾಗಿ ಕಾಲು ಗುಬ್ಬಿ ಕಾಲು. ಅದನ್ನ ಹ್ಯಾಂಗ ಕಲೀಲಿ ನಾನು?"

ಗೌಡ ಹೊಳೆಮ್ಮನ ಕಡೆ ತಿರುಗಿದ. "ನೋಡಲೇ. ಟ್ಯಾಕ್ಸ್ ಹೆಂಗ ಕಟ್ತಿ ಅಂತ ಕೇಳ್ತಾನ. 'ವರ್ಷದ್ದು' ಅನ್ನು. ಅಷ್ಟೇ. ಒಂದ ಸಲಕ್ಕ ಕಟ್ಟಿ ಬಿಸಾಕಿದ್ರ ಮತ್ತ ಒಂದು ವರ್ಷ ನಿನ್ನ ಮುಖ ನೋಡೋ ಗೋಳಿಲ್ಲ. ಬ್ಯಾರೆ ಬಾಯಿ ಬಿಟ್ಟಿ ಅಂದ್ರ ಹಲ್ಲು ಉದುರ್ತಾವು."

ಒಳಗೆ ಕಿಟಕಿಯ ಮುಂದೆ ಜನ. ಲಾರಿ ಮಾಲೀಕರು, ಬ್ರೋಕರುಗಳು, ಡ್ರೈವರುಗಳು. ಕಿಟಕಿಯಾಚೆ ಗುಮಾಸ್ತ ವ್ಯಾಸರಾಜ. ನಿವೃತ್ತಿ ಹತ್ತಿರದ ವಯಸ್ಸು, ಹಣೆಯ ಮೇಲೆ ಅಂಗಾರದ ಕರಿಗೆರೆ, ಮೂಗಿನ ತುದಿಗೆ ಜಾರಿದ ಕನ್ನಡಕ.

"ಹೊಳೆಮ್ಮನವರು ಯಾರ್ರಿ?"

ಹೊಳೆಮ್ಮ ಅಲುಗಲಿಲ್ಲ. ಕರೆದದ್ದು ತನ್ನನ್ನೇ ಎಂದು ಆಕೆಗೆ ಹೊಳೆಯಲೇ ಇಲ್ಲ. 'ನವರು' ಎಂಬ ಬಾಲ ಆಕೆಯ ಹೆಸರಿಗೆ ಎಂದೂ ಅಂಟಿರಲಿಲ್ಲ. ಹೊನ್ನೂರುಸ್ವಾಮಿ ಮೊಣಕೈಯಿಂದ ತಿವಿದ.

"ನಾನ್ರಿ."

"ಮುಂದ ಬರ್ರಿ. ಓದಿ ಹೇಳ್ತೀನಿ, ಕೇಳ್ರಿ."

ಗೌಡ ನಡುವೆ ತಲೆ ಹಾಕಿದ. "ಆಕಿಗೆ ಏನ್ ತಿಳೀತೈತಿ ಸ್ವಾಮಿ. ಸಹಿ ಎಲ್ಲಿ ಅಂತ ತೋರ್ಸ್ರಿ, ಸಾಕು."

"ಕೆಳಗ ಏನಂತ ಅಚ್ಚಾಗಿದೆ ನೋಡ್ರಿ. 'ಓದಿ ಹೇಳಿ ಒಪ್ಪಿಗೆ ಪಡೆಯಲಾಗಿದೆ.' ಅದರ ಕೆಳಗ ನನ್ನ ಸಹಿ. ಓದದೆ ಓದೀನಿ ಅಂತ ಹ್ಯಾಂಗ ಬರೀಲಿ?"

ಅದು ಕರುಣೆಯಲ್ಲ. ಮಡಿಯ ಹಾಗೆ ಅದೂ ಒಂದು ಹಟ. ಆ ಗುಮಾಸ್ತನಿಗೆ ಹೊಳೆಮ್ಮ ಯಾರೆಂದು ಬೇಕಾಗಿಯೂ ಇರಲಿಲ್ಲ. ಆದರೆ ನಲವತ್ತು ವರ್ಷದ ಬದುಕಿನಲ್ಲಿ ಒಂದು ಕಾಗದವನ್ನು ಆಕೆಯ ಮುಂದೆ ಒಬ್ಬರು ಪೂರ್ತಿ ಓದಿದ್ದು ಅದೇ ಮೊದಲು.

"ಈ ಕಂತು ಇವತ್ತಿಗೆ ಮುಗೀತು. ನಾಳಿಂದ ಹೊಸದು. ಮೂರು ತಿಂಗಳದು ಕಟ್ಟಬಹುದು. ಆರು ತಿಂಗಳದು ಕಟ್ಟಬಹುದು. ವರ್ಷದ್ದು ಒಮ್ಮೆಗೇ ಕಟ್ಟಿದ್ರ ಸ್ವಲ್ಪ ಸೋಡಿ ಸಿಗ್ತದೆ. ಗಾಡಿ ಓಡಿಸೋದಿಲ್ಲ ಅಂದ್ರ ಟ್ಯಾಕ್ಸ್ ಇಲ್ಲ, ನಿಲುಗಡೆ ಅರ್ಜಿ ಕೊಡಬೇಕು. ಇದರೊಳಗ ಯಾವುದು? ಮಾಲೀಕರು ಹೇಳಬೇಕು."

"ವರ್ಷದ್ದು" ಎಂದು ಗೌಡ ಹಿಂದಿನಿಂದ ಪಿಸುಗುಟ್ಟಿದ.

ಹೊಳೆಮ್ಮನ ಕಿವಿ ಒಂದೇ ಮಾತಿಗೆ ಸಿಕ್ಕಿಕೊಂಡಿತ್ತು. ಕಿಟಕಿಯ ಕಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದಳು.

"ನಿಲ್ಲಿಸೋದು ಅಂದ್ರ ಹೆಂಗ್ರಿ?"

"ಚಕ್ರ ಉರುಳಂಗಿಲ್ಲ. ಆರ್‌ಸಿ, ಟ್ಯಾಕ್ಸ್ ಕಾರ್ಡು, ಪರ್ಮಿಟ್ಟು, ಇಲ್ಲಿ ಕೊಟ್ಟಿದ್ದೆಲ್ಲ ನಮ್ಮ ಕಡೆನೇ ಇರ್ತಾವ. ಗಾಡಿ ಹೇಳಿದ ಜಾಗದಾಗ ನಿಂತಿರಬೇಕು. ರಸ್ತೆ ಮ್ಯಾಲ ಕಂಡ್ರ ಜಪ್ತಿ."

"ಯಾರು ನಿಲ್ಲಿಸಬಹುದ್ರಿ?"

"ಮಾಲೀಕರು."

"ಬ್ಯಾರೆ ಯಾರೂ ಅಲ್ಲ?"

"ಬ್ಯಾರೆ ಯಾರೂ ಅಲ್ಲ."

ಹೊಳೆಮ್ಮ ಕಿಟಕಿಗೆ ಇನ್ನಷ್ಟು ಹತ್ತಿರ ಬಾಗಿದಳು.

"ನಿಲ್ಲಿಸ್ತೀನಿ. ಬರ್ಕೊಳ್ರಿ."

ಗೌಡನ ಕೈ ಆಕೆಯ ರಟ್ಟೆಗೆ ಬಿತ್ತು. ಉಗುರು ಇಳಿಯಿತು. "ಲೇ, ತಲಿ ಕೆಟ್ಟೈತೇನ್ ನಿನಗ? ಸ್ವಾಮಿ, ಈಕಿ ಮಾತು ಹಿಡೀಬ್ಯಾಡ್ರಿ. ಗಾಡಿ ನಂದು!"

ವ್ಯಾಸರಾಜ ಕನ್ನಡಕ ಮೇಲೆ ತಳ್ಳಿ ಮೊದಲ ಸಲ ತಲೆ ಎತ್ತಿದ.

"ನಿಮ್ಮದೇನು? ಹಂಗಂತ ಬರ್ದುಕೊಡ್ರಿ."

ಒಂದು ಬಿಳಿ ಹಾಳೆ ಕಿಟಕಿಯಿಂದ ಹೊರಬಂತು. ಅದರ ಮೇಲೆ ಪೆನ್ನು. ಅಲ್ಲಿದ್ದ ಎಷ್ಟೋ ಜನರ ಗಾಡಿಗಳೂ ಇನ್ನೊಬ್ಬರ ಹೆಸರಿನಲ್ಲೇ ಇದ್ದವು. ಎಲ್ಲರೂ ಆ ಪೆನ್ನನ್ನು ನೋಡಿದರು. ಗೌಡನೂ ನೋಡಿದ. ಸಂಡೂರಿನ ಗುಡ್ಡ ಎತ್ತಿದ ಮನುಷ್ಯ. ಒಂದು ಪೆನ್ನು ಎತ್ತಲಾಗಲಿಲ್ಲ. ಎತ್ತಿದರೆ ಸಾಲ ಯಾರದು, ಸಬ್ಸಿಡಿ ಯಾರು ತಿಂದರು, ಏಳು ಗಾಡಿ ಎಲ್ಲಿಂದ ಬಂದವು, ಎಲ್ಲ ಬರೆಯಬೇಕಾಗುತ್ತಿತ್ತು.

ಹಿಂದೆ ಯಾರೋ ಕಿಸಕ್ಕೆಂದರು. ರಟ್ಟೆಯ ಮೇಲಿನ ಕೈ ಸಡಿಲವಾಯಿತು.

"ಗಾಡಿ ಎಲ್ಲಿ ನಿಂತಿರ್ತದೆ?" ಗುಮಾಸ್ತ ಬರೆಯತೊಡಗಿದ್ದ.

"ಗಾದಿಗನೂರು. ನಮ್ಮ ಕೇರಿ. ನನ್ನ ಗುಡಿಸಲ ಮುಂದ."

"ಕಾರಣ? ರಿಪೇರಿಯೋ, ಡ್ರೈವರ್ ಇಲ್ಲೋ?"

"ಅಕ್ಕಿ."

"ಅಕ್ಕಿ ಅಂತ ಹ್ಯಾಂಗ ಬರೀಲಿ ತಾಯಿ?"

"ಮಾಲೀಕರು ಹೇಳಬೇಕು ಅಂದ್ರಲ್ಲ. ಹೇಳಾಕ್ಹತ್ತೀನಿ, ಬರೀರಿ. ಈ ಲಾರಿ ಓಡಿದ್ದಕ್ಕ ನನ್ನ ಅಕ್ಕಿ ನಿಂತೈತಿ. ನನ್ನ ಅಕ್ಕಿ ಓಡೋ ತನಕ ಈ ಲಾರಿ ನಿಂತಿರತೈತಿ."

ಪೆನ್ನು ಗಾಳಿಯಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಕಾಗದಕ್ಕೆ ಇಳಿಯಿತು. ಅವನು ಬರೆದ. ಬರೆದದ್ದನ್ನು ಓದಿ ಹೇಳಿದ. ಹೊಳೆಮ್ಮ ಕಾಗೆ ಕಾಲು ಗುಬ್ಬಿ ಕಾಲು ಎಳೆದಳು. ಮೂರೇ ಅಕ್ಷರ. ನಡುವೆ ಯ ಇರಲಿಲ್ಲ.

ಜೀಪು ಆಕೆಯನ್ನು ಬಿಟ್ಟೇ ಹೋಯಿತು. ಬಸ್ಸಿಗೆ ಕಾಸಿರಲಿಲ್ಲ. ಅದಿರಿನ ಲಾರಿಗಳ ಪಕ್ಕದಲ್ಲೇ ನಡೆದು ಊರು ಸೇರುವಾಗ ಕಾಲ ಹಿಮ್ಮಡಿ ಒಡೆದಿತ್ತು.

ಕಾಗದವಿಲ್ಲದ ಗಾಡಿ ಚೆಕ್‌ಪೋಸ್ಟ್ ದಾಟುವುದಿಲ್ಲ. ಇನ್ಸ್‌ಪೆಕ್ಟರು ಯಾವ ದಿನ ಬೇಕಾದರೂ ಕೇರಿಗೆ ಬಂದು ನೋಡಬಹುದು. ಮರುದಿನ ಬೆಳಿಗ್ಗೆ ತಾಯಪ್ಪ ಟಿಪ್ಪರನ್ನು ತಂದು ಹೊಳೆಮ್ಮನ ಗುಡಿಸಲ ಮುಂದೆ ನಿಲ್ಲಿಸಿದ. ಓಣಿ ಪೂರ್ತಿ ತುಂಬಿಹೋಯಿತು. ಅದರ ಜೊತೆ ಗೌಡನ ಮಾತೂ ಬಂತು: ಈ ಗಾಡಿ ಕೇರಿ ಬಿಟ್ಟು ಹೊರಡುವ ತನಕ ಕೇರಿಯ ಒಂದು ಆಳೂ ಯಾರ್ಡಿಗೆ ಕಾಲಿಡಕೂಡದು.

ಮೊದಲ ದಿನ ಜನ ನಕ್ಕರು. "ಏನ್ಬೇ ಸಾವ್ಕಾರ್ತಿ, ನಮ್ಮನ್ನ ಕಂಪ್ಲಿ ಸಂತಿಗೆ ಬಿಡ್ತಿಯೇನ?" ಎಂದರು. ಟಿಪ್ಪರಿನ ಅಡಿಯ ನೆರಳಲ್ಲಿ ಕೋಳಿಗಳು ಮಲಗಿದವು. ಬಾನೆಟ್ಟಿನ ಮೇಲೆ ಯಾರೋ ಕೌದಿ ಒಣಹಾಕಿದರು. ಎರಡನೆಯ ದಿನ ನಗು ಕಡಿಮೆಯಾಯಿತು. ಮೂರನೆಯ ದಿನ ಒಲೆಗಳು ಹೊಗೆಯಾಡಲಿಲ್ಲ.

"ನಿನ್ನ ಹಟಕ್ಕ ನಮ್ಮ ಹೊಟ್ಟಿ ಯಾಕ ಸುಡ್ತಿ?" ಎಂದು ಯಮನಮ್ಮ ಬಾಗಿಲಲ್ಲಿ ನಿಂತು ಕೂಗಿದಳು. "ನುಚ್ಚು ಕೊಡ್ತೀನಂದಿದ್ನಲ್ಲ, ತಿಂದು ಬಿದ್ದಿದ್ರ ಆಗ್ತಿರಲಿಲ್ಲೇನು?"

"ನಿನಗ ಕೊಟ್ರ ತಿಂತಿದ್ದೇನು?"

"ಹಸಿವಾದ್ರ ತಿಂತಿದ್ದೆ!" ಎಂದು ಯಮನಮ್ಮ ಬಾಗಿಲು ಹಾಕಿಕೊಂಡಳು. ಆಮೇಲೆ ಮಾತಿಲ್ಲ.

ಹೊಳೆಮ್ಮನಿಗೆ ಗೌಡನ ಬೈಗುಳ ನೋಯಿಸಿರಲಿಲ್ಲ. ಇದು ನೋಯಿಸಿತು. ಬಾವಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿದರು. ಹೊರಗಿನವರು ಸರಿಯುವುದು ಹಳೆಯದು, ಕೇರಿಯವರೇ ಸರಿಯುವುದು ಹೊಸದು. ಎರಡು ಸಲ ಆಫೀಸಿಗೆ ಹೋಗಿ ಅರ್ಜಿ ಹಿಂದೆ ತೆಗೆದುಕೊಳ್ಳಬೇಕು ಎನ್ನಿಸಿತು. ಎರಡು ಸಲವೂ ಹೊಸ್ತಿಲ ತನಕ ಹೋಗಿ ಕೂತಳು.

ನಾಲ್ಕನೆಯ ದಿನ ರೇಷನ್ ಅಂಗಡಿಯಿಂದ ದುರುಗವ್ವ ಎಂಬ ಮುದುಕಿ ಖಾಲಿ ಚೀಲ ಹಿಡಿದು ಬಂದಳು. ಅವಳ ಹಿಂದೆಯೇ ಕೇರಿಯ ಇನ್ನೊಬ್ಬಳು, ಉಚ್ಚೆಂಗಮ್ಮ ಬಂದಳು. ಅವಳದೂ ಖಾಲಿ. ಪಟ್ಟಿಯ ಎರಡನೆಯ ಹಾಳೆ ಬಂದಿತ್ತು. ದುರುಗವ್ವನಿಗೂ ಲಾರಿ. ಉಚ್ಚೆಂಗಮ್ಮನಿಗೂ ಲಾರಿ.

ಮುದುಕಿ ಟಿಪ್ಪರಿನ ಟಯರಿಗೆ ಒರಗಿ ಕೂತು, "ನಂದು ಯಾವ ಬಣ್ಣದ್ದಂತ?" ಎಂದಳು. ಯಾರಿಗೂ ನಗು ಬರಲಿಲ್ಲ.

ಅವತ್ತು ಮಧ್ಯಾಹ್ನ ಪಂಪನಗೌಡ ಬಂದ. ಜೀಪು ಓಣಿಯೊಳಗೆ ನುಗ್ಗಿ ಟಿಪ್ಪರಿನ ಮೂತಿಗೆ ಮೂತಿ ತಾಗಿಸಿ ನಿಂತಿತು. ಜೊತೆಗೆ ಹೊನ್ನೂರುಸ್ವಾಮಿ, ಕಂಕುಳಲ್ಲಿ ಕಾಗದ. ನಾಲ್ಕು ದಿನ ಗಾಡಿ ನಿಂತು ಗೌಡನ ದನಿ ಮೆತ್ತಗಾಗಿತ್ತು.

"ನೋಡು ಹೊಳೆಮ್ಮ, ನಂದೇನು ಹಟ ಇಲ್ಲ. ನಿನ್ನ ಹೆಸರಿಂದ ಗಾಡಿ ತಗದುಬಿಡ್ತೀನಿ. ಮುಂದಿನ ತಿಂಗಳು ನಿನ್ನ ಕಾರ್ಡು ನಿನ್ನ ಕೈಯಾಗ ಇರತೈತಿ. ಸಾಕಲ್ಲ?"

ಅದೇ ತಾನೆ ಆಕೆ ಕೇಳಿದ್ದು? ಅಷ್ಟೇ ತಾನೆ?

"ತಗದು?" ಎಂದಳು.

"ಯಮನಮ್ಮನ ಹೆಸರಿಗೆ ಮಾಡ್ತೀನಿ. ಆಕಿ ಹೆಸರಿಲೆ ಏನೂ ಇಲ್ಲ. ನೀ ಒಂದು ಸಹಿ, ಆಕಿ ಒಂದು ಹೆಬ್ಬೆಟ್ಟು. ನಾಳಿಂದ ಎಲ್ಲಾರೂ ಕೆಲಸಕ್ಕ ಬರ್ರಿ."

ಹೊನ್ನೂರುಸ್ವಾಮಿ ಕಾಗದವನ್ನು ಜೀಪಿನ ಬಾನೆಟ್ಟಿನ ಮೇಲೆ ಹರಡಿ ಶಾಯಿಯ ಡಬ್ಬಿ ತೆರೆದ. ಇಡೀ ಕೇರಿ ಹೊರಬಂದಿತ್ತು. ಎಲ್ಲರ ಕಣ್ಣು ಹೊಳೆಮ್ಮನ ಮೇಲೆ. ಒಂದು ಸಹಿ. ಎಲ್ಲರ ಒಲೆ ಹೊತ್ತುತ್ತದೆ.

"ನಾ ಮಾಡಂಗಿಲ್ಲ" ಎಂದಳು ಹೊಳೆಮ್ಮ. "ನನ್ನ ಕೊಳ್ಳಾಗಿನ ಕಲ್ಲು ತಗದು ಆಕಿ ಕೊಳ್ಳಿಗೆ ಕಟ್ಟಾಕ ನನ್ನ ಕೈ ಬರಂಗಿಲ್ಲ."

"ಆಕಿನ್ನ ಕೇಳೋಣಲೇ. ಯಮನಮ್ಮಾ, ಬಾ ಇಲ್ಲಿ. ಲಾರಿ ಮಾಲೀಕಿ ಆಗ್ತಿಯೇನ?"

ಯಮನಮ್ಮ ಬಂದಳು. ಹಿಂದಿನ ದಿನ ಮಾತು ಬಿಟ್ಟವಳು, ಎರಡು ದಿನ ಒಲೆ ಹೊತ್ತಿಸದವಳು. ಶಾಯಿಯ ಡಬ್ಬಿ ನೋಡಿದಳು. ಟಯರಿಗೆ ಒರಗಿದ್ದ ದುರುಗವ್ವನ ಚೀಲ ನೋಡಿದಳು. ಡಬ್ಬಿಯ ಮುಚ್ಚಳ ತೆಗೆದುಕೊಂಡು ಒತ್ತಿ ಮುಚ್ಚಿದಳು.

"ಬ್ಯಾಡ್ರಿ. ನನಗ ಇನ್ನಾ ಅಕ್ಕಿ ಬರ್ತಾವ. ಲಾರಿ ತಗೊಂಡು ಬಡವಿ ಆಗಾಕ ನನಗ ಆಸಿ ಇಲ್ಲ."

ಯಾರೋ ಹೆಂಗಸು ಗಟ್ಟಿಯಾಗಿ ನಕ್ಕಳು. ಎರಡು ದಿನದ ಮೇಲೆ ಕೇಳಿದ ಮೊದಲ ನಗು. ಅದು ಗುಡಿಸಲಿನಿಂದ ಗುಡಿಸಲಿಗೆ ಹತ್ತಿತು.

ಗೌಡನ ಮುಖ ಅದಿರಿನ ಬಣ್ಣಕ್ಕೆ ತಿರುಗಿತು. "ಸೊಕ್ಕು ಬಂದೈತಿ ನಿಮಗ! ಮತ್ತ ಯಾರ ಹೆಸರಿಗೆ ಮಾಡ್ಲಿ? ಹೇಳ್ರಿ, ಯಾರ ಹೆಸರಿಗೆ ಮಾಡ್ಲಿ?"

ಹೊಳೆಮ್ಮ ಒಂದು ಹೆಜ್ಜೆ ಮುಂದೆ ಬಂದಳು. ದನಿ ಏರಿಸಲಿಲ್ಲ.

"ನಿಮ್ಮ ಹೆಸರಿಗೇ ಮಾಡ್ಕೊಳ್ರಿ ಗೌಡ್ರ. ಅದೇನು ಪಾಪ ಮಾಡೈತಿ?"

ಗೌಡ ಬಾನೆಟ್ಟಿನ ಮೇಲಿನ ಕಾಗದ ಬಾಚಿಕೊಂಡ. ಜೀಪು ಹತ್ತಿ ಬಾಗಿಲು ಬಡಿದುಕೊಂಡ. ಎಂಜಿನ್ನು ಗುರ್‌ ಎಂದಿತು. ಮುಂದೆ ಟಿಪ್ಪರು. ಎರಡೂ ಕಡೆ ಗುಡಿಸಲು. ತಿರುಗಿಸಲು ಜಾಗವಿರಲಿಲ್ಲ. ಬಂದ ಓಣಿಯುದ್ದಕ್ಕೂ ಕ್ಷಣಕ್ಷಣಕ್ಕೂ ಕುತ್ತಿಗೆ ಹೊರಳಿಸುತ್ತ ಹಿಂದೆ ಹಿಂದೆಯೇ ಹೋಗಬೇಕಿತ್ತು. ಹೊನ್ನೂರುಸ್ವಾಮಿ ಜೀಪಿನ ಹಿಂದಕ್ಕೆ ಓಡಿ, "ಸರೀರಿ, ಸರೀರಿ, ಜೀಪು ಹಿಂದ ಬರ್ತೈತಿ" ಎಂದು ಕೈ ಬೀಸಿದ.

ಓಣಿ ತುಂಬ ಹೆಂಗಸರು ನಿಂತಲ್ಲೇ ನಿಂತಿದ್ದರು. ಒಬ್ಬರೂ ಸರಿಯಲಿಲ್ಲ.